ಇಂಗ್ಲಿಷ್ ಹೈಕು: 17 ಎಣಿಸಿದರೂ ಪದ್ಯ ಯಾಕೆ ನಿಲ್ಲುತ್ತಿಲ್ಲ?

ಹೊಸಪುಟ

ಜಪಾನಿನಿಂದ ಬಂದ ಪುಟ್ಟ ಪದ್ಯರೂಪ ಹೈಕು, ಅದನ್ನು ಇಂಗ್ಲಿಷಿನಲ್ಲಿ ಬರೆಯುವ ಬಗ್ಗೆ ಒಂದು ಪ್ರಶ್ನೆ. ಕೆಳಗಿನ ಎರಡೂ 5-7-5ರ ಲೆಕ್ಕಕ್ಕೆ ಸರಿಯಾಗಿ ಕೂತಿವೆ, ಅಂದರೆ ಮೂರು ಸಾಲಿಗೆ ಐದು, ಏಳು, ಐದು ಸಿಲಬಲ್ (ಉಚ್ಚಾರದ ತುಂಡು), ಒಟ್ಟು 17. ಎಲ್ಲರೂ ಒಂದೇ ರೀತಿ ಎಣಿಸಲಿ ಅಂತ ಕನ್ನಡ ಲಿಪಿಯಲ್ಲೇ ಹಾಕಿದ್ದೇನೆ.

ದ ಸ್ಮಾಲ್ ಸ್ಪ್ಯಾರೋ ಸಿಟ್ಸ್
ಆನ್ ದ ವೆರಿ ಕೋಲ್ಡ್ ಫೆನ್ಸ್ ಪೋಸ್ಟ್
ಇನ್ ದ ಮಾರ್ನಿಂಗ್ ಮಿಸ್ಟ್

ಮೈ ಲೋನ್ಲಿ ಹಾರ್ಟ್ ವೀಪ್ಸ್
ಲೈಕ್ ದ ರೇನ್ ಆನ್ ದ ವಿಂಡೋ
ವೇಟಿಂಗ್ ಫಾರ್ ದ ಸನ್

ಆದರೂ ಓದಿದವರು "ಇದು ಮೂರು ಸಾಲಿಗೆ ಮುರಿದ ವಾಕ್ಯ, ಹೈಕು ಅಲ್ಲ" ಅನ್ನುತ್ತಾರೆ. ಹಾಗಿದ್ದರೆ ಇಂಗ್ಲಿಷ್ ಹೈಕುವಿನ ರೂಪ ಅಂದರೆ ಏನು? 17 ಕಡ್ಡಾಯವೇ? ಋತು ಇರಲೇಬೇಕೇ? ವಿರಾಮಚಿಹ್ನೆ ಹಾಕಬೇಕೋ ಬಿಡಬೇಕೋ? ಈ ಎರಡನ್ನೇ ಇಟ್ಟುಕೊಂಡು ಬಿಡಿಸಿ ಹೇಳಿದರೆ ಉಪಕಾರ.

ಮಾತ್ರಾಗಣ

ಮೊದಲು ಲೆಕ್ಕದ ವಿಷಯ ಮುಗಿಸೋಣ, ಗೊಂದಲ ಹುಟ್ಟುವುದೇ ಅಲ್ಲಿ. ಜಪಾನಿ ಹೈಕುವಿನಲ್ಲಿ ಎಣಿಸುವುದು ಸಿಲಬಲ್ ಅಲ್ಲ, 'ಒನ್'. ಲಘು-ಗುರು ಹಾಕಿ ಅಭ್ಯಾಸವಿರುವವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಒನ್ ಅಂದರೆ ಹೆಚ್ಚುಕಡಿಮೆ ನಮ್ಮ ಮಾತ್ರೆ. ದೀರ್ಘ ಸ್ವರಕ್ಕೆ ಎರಡು, ಒತ್ತಕ್ಷರದ ಮೊದಲರ್ಧಕ್ಕೆ ಒಂದು, ಕೊನೆಯ 'ನ್'ಗೂ ಒಂದು.

'ಟೋಕ್ಯೋ' ತೆಗೆದುಕೊಳ್ಳಿ. ಎರಡು ಗುರು, ನಾಲ್ಕು ಮಾತ್ರೆ. ಜಪಾನಿಯಲ್ಲೂ ನಾಲ್ಕು ಒನ್. ಇಂಗ್ಲಿಷಿನವರು ಮೂರು ಸಿಲಬಲ್ ಎಂದು ಎಣಿಸುತ್ತಾರೆ. 'ನಿಪ್ಪೊನ್' ಇಂಗ್ಲಿಷಿನಲ್ಲಿ ಎರಡು, ಜಪಾನಿಯಲ್ಲಿ ನಾಲ್ಕು. ಪ್ರಸ್ತಾರ ಹಾಕಿ ನೋಡಿ, ಇಲ್ಲೂ ಎರಡು ಗುರು. 'ಹೈಕು' ಎಂಬ ಪದವೇ ಇಂಗ್ಲಿಷಿನಲ್ಲಿ ಎರಡು, ಜಪಾನಿಯಲ್ಲಿ ಹ-ಇ-ಕು ಎಂದು ಮೂರು. ಒಂದು ಕಡೆ ಮಾತ್ರ ಹೋಲಿಕೆ ಕೈಕೊಡುತ್ತದೆ. 'ಕೋನ್' ಥರ ದೀರ್ಘದ ಮೇಲೆ ವ್ಯಂಜನ ಬಂದರೆ ನಮ್ಮಲ್ಲಿ ಗುರು ಗುರುವೇ, ಎರಡೇ ಮಾತ್ರೆ. ಜಪಾನಿಯಲ್ಲಿ ಅದು ಮೂರು ಒನ್.

ಈಗ ಇಂಗ್ಲಿಷಿನ ಕಡೆ ನೋಡಿ. 'ಎ' ಒಂದು ಸಿಲಬಲ್. 'ಸ್ಟ್ರೆಂಗ್ತ್ಸ್' ಕೂಡ ಒಂದೇ ಸಿಲಬಲ್! ಬಾಯಲ್ಲಿ ಹೇಳಿಕೊಂಡರೆ ಎರಡನೆಯದಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದು ಗೊತ್ತಾಗುತ್ತದೆ. ಒನ್‌ಗಳೆಲ್ಲ ಸುಮಾರಾಗಿ ಒಂದೇ ಉದ್ದ, ಸಿಲಬಲ್‌ಗಳು ಹಾಗಲ್ಲ. ಸಾಲದ್ದಕ್ಕೆ 'ಫೈರ್', 'ಎವ್ರಿ', 'ಪೊಯಮ್' ಇಂಥವನ್ನು ಒಬ್ಬರು ಒಂದು ಥರ, ಇನ್ನೊಬ್ಬರು ಇನ್ನೊಂದು ಥರ ಎಣಿಸುತ್ತಾರೆ. ಅಳತೆಗೋಲೇ ಹಿಗ್ಗಿ ಕುಗ್ಗುತ್ತಿರುವಾಗ 17 ಎಂಬ ಸಂಖ್ಯೆಗೆ ಅರ್ಥ ಉಳಿಯುವುದು ಕಷ್ಟ.

ಜಪಾನಿನ ಕವಿ ಬಾಶೋ 1686ರಲ್ಲಿ ಬರೆದ ಕಪ್ಪೆಯ ಪದ್ಯವನ್ನು ಎಣಿಸಿ. ಫು-ರು-ಇ-ಕೆ-ಯ, ಕ-ವ-ಜು-ತೊ-ಬಿ-ಕೊ-ಮು, ಮಿ-ಜು-ನೊ-ಒ-ತೊ: 5, 7, 5. ಇದನ್ನೇ ಪದಕ್ಕೆ ಪದ ಇಂಗ್ಲಿಷಿಗೆ ತಂದರೆ 'ಓಲ್ಡ್ ಪಾಂಡ್ / ಎ ಫ್ರಾಗ್ ಜಂಪ್ಸ್ ಇನ್ / ದ ಸೌಂಡ್ ಆಫ್ ವಾಟರ್': 2, 4, 5. ಒಟ್ಟು 11. ಹಳೆಯ ಕೊಳ ಇದೆ, ಕಪ್ಪೆ ಇದೆ, ಹಾರಿದ್ದಿದೆ, ನೀರಿನ ಸದ್ದಿದೆ, ಏನೂ ಬಿಟ್ಟುಹೋಗಿಲ್ಲ. 17ಕ್ಕೆ ಏರಿಸಬೇಕಾದರೆ ಮೂಲದಲ್ಲಿ ಇಲ್ಲದ ಆರು ಸಿಲಬಲ್ ತುಂಬಬೇಕು, ಅಂದರೆ ಪಾಚಿಯನ್ನೋ ಮೌನವನ್ನೋ ನಾವೇ ಕೊಳಕ್ಕೆ ಸುರಿಯಬೇಕು. ಇಂಗ್ಲಿಷ್ ಹೈಕು ಸಾಮಾನ್ಯವಾಗಿ 10ರಿಂದ 14 ಸಿಲಬಲ್‌ಗಳ ಒಳಗೆ ನಿಲ್ಲುವುದು ಈ ಕಾರಣಕ್ಕೇ.

ಕರಡುತಿದ್ದು

ಹೊಸಪುಟ ಅವರೇ, ನಿಮ್ಮ ಗುಬ್ಬಿಯ ಪದ್ಯದಲ್ಲಿ ನಿಜವಾದ ಕೊರತೆ ಲೆಕ್ಕದ್ದಲ್ಲ. ಸಾಲು ಒಡೆದದ್ದನ್ನು ಮರೆತು ಒಂದೇ ಉಸಿರಿನಲ್ಲಿ ಓದಿ: ಪುಟ್ಟ ಗುಬ್ಬಿ ಬೆಳಗಿನ ಮಂಜಿನಲ್ಲಿ ತುಂಬ ತಣ್ಣಗಿನ ಬೇಲಿಗೂಟದ ಮೇಲೆ ಕೂತಿದೆ. ಎಲ್ಲೂ ನಿಲ್ಲಬೇಕಾಗಿಲ್ಲ. ಕರ್ತೃ, ಕ್ರಿಯೆ, ಜಾಗ, ಹೊತ್ತು ಎಲ್ಲ ಸೇರಿ ಒಂದು ವರದಿಯಾಗಿದೆ.

ಹೈಕುವಿಗೆ ಎರಡು ಭಾಗ ಬೇಕು, ನಡುವೆ ಒಂದು ಕಡಿತ ಬೇಕು. ಜಪಾನಿಯಲ್ಲಿ ಆ ಕೆಲಸಕ್ಕೇ 'ಕಿರೆಜಿ' ಎಂಬ ಪದಗಳಿವೆ: ಯ, ಕನ, ಕೆರಿ ಮುಂತಾದವು, ಸಂಪ್ರದಾಯದ ಲೆಕ್ಕದಲ್ಲಿ 18. ಕಪ್ಪೆಯ ಪದ್ಯದ ಮೊದಲ ಐದರ ಕೊನೆಯಲ್ಲಿರುವ 'ಯ' ಅಂಥದ್ದು. ಅದಕ್ಕೆ ನಿಘಂಟಿನ ಅರ್ಥ ಇಲ್ಲ. ಕೊಳವನ್ನು ಅಲ್ಲೇ ನಿಲ್ಲಿಸಿ, ಮುಂದಿನದನ್ನು ಬೇರೆಯಾಗಿ ಶುರುಮಾಡಿಸುತ್ತದೆ. ಇದನ್ನು ನಮ್ಮ ಛಂದಸ್ಸಿನ ಯತಿ ಎಂದುಕೊಳ್ಳುವವರಿದ್ದಾರೆ. ಯತಿಯಲ್ಲಿ ಉಸಿರು ನಿಲ್ಲುತ್ತದೆ, ಅರ್ಥ ಹರಿದು ಮುಂದೆ ಹೋಗಬಹುದು. ಕಿರೆಜಿಯಲ್ಲಿ ಅರ್ಥವೇ ತುಂಡಾಗುತ್ತದೆ, ಓದುವವರು ಅದನ್ನು ದಾಟಿಕೊಳ್ಳಬೇಕು.

ಇಂಗ್ಲಿಷಿನಲ್ಲಿ ಇಂಥ ಪದಗಳಿಲ್ಲ. ಅದರ ಬದಲಿಗೆ ವ್ಯಾಕರಣವನ್ನೇ ಮುರಿಯುತ್ತಾರೆ. ಒಂದು ಸಾಲು ಒಂಟಿ ನಾಮಪದದ ತುಣುಕು, ಉಳಿದೆರಡು ಸಾಲು ಸೇರಿ ಒಂದು ಪೂರ್ತಿ ಮಾತು. ಅಮೆರಿಕದ ಹೈಕು ಕವಿ ಜೇನ್ ರೈಕ್‌ಹೋಲ್ಡ್ ಇವಕ್ಕೆ ಫ್ರಾಗ್ಮೆಂಟ್, ಫ್ರೇಜ್ ಎಂದು ಹೆಸರಿಟ್ಟರು, ಈಗ ಅದೇ ರೂಢಿ. ತುಣುಕು ಮೊದಲ ಸಾಲಾಗಬಹುದು, ಮೂರನೆಯದೂ ಆಗಬಹುದು.

ಗುಬ್ಬಿಯನ್ನು ತಿದ್ದುವಾಗ ಪದ ಪದವಾಗಿ ನೋಡೋಣ. 'ಸ್ಮಾಲ್' ಯಾಕೆ? ಗುಬ್ಬಿ ಚಿಕ್ಕದೇ. 'ಸಿಟ್ಸ್' ಯಾಕೆ? ಗೂಟದ ಮೇಲೆ ಗುಬ್ಬಿ ಇನ್ನೇನು ಮಾಡೀತು? 'ವೆರಿ' ಬರೀ ಲೆಕ್ಕ ತುಂಬಲು ಬಂದದ್ದು, 'ವೆರಿ ಕೋಲ್ಡ್' ಪೂರ್ತಿ ಬರೆದವರ ಹೇಳಿಕೆ. ಗೂಟ ತಣ್ಣಗಿದೆ ಅಂತ ಮುಟ್ಟದೆ ಗೊತ್ತಾಗುವುದು ಹೇಗೆ? ಚಳಿಯನ್ನು ಗುಬ್ಬಿಯೇ ತೋರಿಸಲಿ:

ಮಾರ್ನಿಂಗ್ ಮಿಸ್ಟ್
ಎ ಸ್ಪ್ಯಾರೋ ಶಿಫ್ಟ್ಸ್ ಇಟ್ಸ್ ಫೀಟ್
ಆನ್ ದ ಫೆನ್ಸ್ ಪೋಸ್ಟ್

ಬೆಳಗಿನ ಮಂಜು, ಅಲ್ಲಿಗೆ ಕಡಿತ. ಗೂಟದ ಮೇಲೆ ಗುಬ್ಬಿ ಕಾಲು ಬದಲಿಸುತ್ತದೆ. 3, 6, 4, ಒಟ್ಟು 13. ಚಳಿ ಎಂಬ ಪದವಿಲ್ಲ, ಆದರೆ ಕಾಲು ಯಾಕೆ ಬದಲಿಸಿತು ಎಂದು ಯೋಚಿಸಿದ ಕ್ಷಣವೇ ಚಳಿ ತಟ್ಟುತ್ತದೆ. ಮಂಜು ದೊಡ್ಡದು, ಕಾಲು ಚಿಕ್ಕದು. ಕಣ್ಣು ಅಷ್ಟು ದೂರದಿಂದ ಇಷ್ಟು ಹತ್ತಿರಕ್ಕೆ ಬರುವುದು ಕಡಿತದಿಂದಲೇ.

ಮೂರುಸಾಲು

ಕಡಿತದ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. 5-7-5 ಅನ್ನು ಹೀಗೆ ಬದಿಗೆ ಸರಿಸುವುದನ್ನು ಮಾತ್ರ ಒಪ್ಪುವುದಿಲ್ಲ. ಅಮೆರಿಕದ ಲೇಖಕ ರಿಚರ್ಡ್ ರೈಟ್ ಬದುಕಿನ ಕೊನೆಯ ಹೊತ್ತಿನಲ್ಲಿ ಬರೆದ ಹೈಕುಗಳು ಸುಮಾರು 4,000. ಅವುಗಳಲ್ಲಿ ಆರಿಸಿದ 817 ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ 1998ರಲ್ಲಿ ಪುಸ್ತಕವಾಗಿ ಬಂದವು. ಅವರು ಹಿಡಿದದ್ದು 5-7-5ರ ದಾರಿಯನ್ನೇ, ಅದರಲ್ಲಿ ಬಿಗಿಯಾದ ಪದ್ಯಗಳೂ ಬೇಕಾದಷ್ಟಿವೆ. 17 ತಪ್ಪಲ್ಲ. 17 ಆಗಲಿ ಅಂತ ತುಂಬುವುದು ತಪ್ಪು.

ಇಂಗ್ಲಿಷಿನಲ್ಲಿ 5-7-5 ಬರೆಯುವವರು ಮೂರು ಜಾಗದಲ್ಲಿ ಎಚ್ಚರ ವಹಿಸಬೇಕು. ಒಂದು, ನಡುವಿನ ಏಳು. ಬಹಳ ಪದ್ಯಗಳಲ್ಲಿ ಐದರಲ್ಲೇ ಮುಗಿದ ಮಾತಿಗೆ ಅಲ್ಲಿ ಎರಡು ಗುಣವಾಚಕ ಅಂಟಿಕೊಂಡಿರುತ್ತವೆ. 'ಸೈಲೆಂಟ್', 'ಜೆಂಟ್ಲಿ', 'ಲಿಟಲ್' ಕಂಡರೆ ಅನುಮಾನಿಸಿ. ಎರಡು, ಸಾಲಿನ ಕೊನೆ. ಲೆಕ್ಕ ಸರಿಮಾಡಲು 'ದ' ಅಥವಾ 'ಆಫ್' ಅನ್ನು ಸಾಲಿನ ತುದಿಯಲ್ಲಿ ನೇತುಹಾಕಿದರೆ ಸಾಲು ಸಾಲಾಗಿ ಉಳಿಯುವುದಿಲ್ಲ. ಮೂರು, ಕೊನೆಯ ಐದು. ಚಿತ್ರ ಎರಡನೇ ಸಾಲಿಗೇ ಮುಗಿದಿದ್ದರೆ ಮೂರನೆಯದರಲ್ಲಿ ವ್ಯಾಖ್ಯಾನ ನುಸುಳುತ್ತದೆ.

ಪರೀಕ್ಷೆ ಸುಲಭ. ಪದ್ಯವನ್ನು ಗದ್ಯದ ಹಾಗೆ ಒಂದೇ ಸಾಲಿನಲ್ಲಿ ಬರೆದು, ಒಂದೊಂದೇ ಪದದ ಮೇಲೆ ಬೆರಳಿಟ್ಟು ಮುಚ್ಚಿ ಓದಿ. ಚಿತ್ರ ಬದಲಾಗದಿದ್ದರೆ ಆ ಪದ ತೆಗೆಯಿರಿ. ಹೀಗೆ ಮಾಡಿದ ಮೇಲೂ 17 ಉಳಿದರೆ ಯಾರಿಗೂ ತಕರಾರಿಲ್ಲ.

ಇನ್ನೊಂದು ಮಾತು. ಜಪಾನಿಯಲ್ಲೂ ಸಂಖ್ಯೆ ಕಲ್ಲಿನಲ್ಲಿ ಕೊರೆದದ್ದಲ್ಲ. ಬಾಶೋನ ಒಣಕೊಂಬೆಯ ಕಾಗೆಯ ಪದ್ಯದಲ್ಲಿ ನಡುವಿನ ಸಾಲು ಕ-ರ-ಸು-ನೊ-ತೊ-ಮ-ರಿ-ಕೆ-ರಿ, ಅಂದರೆ ಒಂಬತ್ತು. ಹೀಗೆ ಹೆಚ್ಚಾಗುವುದಕ್ಕೆ 'ಜಿ-ಅಮರಿ' ಎಂಬ ಹೆಸರೂ ಇದೆ.

ಮಾತ್ರಾಗಣ

ಮೂರುಸಾಲು ಅವರ ಮಾತು ನ್ಯಾಯವಾಗಿದೆ. ಅದಕ್ಕೆ ಒಂದು ಸೇರಿಸುತ್ತೇನೆ. ಎಣಿಸಲೇಬೇಕು ಅನ್ನುವವರು ಇಂಗ್ಲಿಷಿನಲ್ಲಿ ಸಿಲಬಲ್ ಬದಲು ಒತ್ತು, ಅಂದರೆ ಉಚ್ಚಾರದಲ್ಲಿ ದನಿ ಬಲವಾಗಿ ಬೀಳುವ ಜಾಗ, ಎಣಿಸುವುದು ಮೇಲು. ಇಂಗ್ಲಿಷ್ ಕುಣಿಯುವುದು ಒತ್ತಿನ ಮೇಲೆ. ವಿಲಿಯಂ ಹಿಗಿನ್‌ಸನ್ 1985ರ ತಮ್ಮ ಹೈಕು ಕೈಪಿಡಿಯಲ್ಲಿ ಸೂಚಿಸಿದ ಅಳತೆ ಇದು: ಒಟ್ಟು ಏಳು ಒತ್ತು, 2-3-2 ಎಂದು ಹಂಚಿ, ಒಟ್ಟು ಸಿಲಬಲ್ ಸುಮಾರು 12.

ತಿದ್ದಿದ ಗುಬ್ಬಿಯನ್ನು ಹಿಡಿದು ನೋಡಿ. 'ಮಾರ್'ನಿಂಗ್ 'ಮಿಸ್ಟ್': ಎರಡು. 'ಸ್ಪ್ಯಾ'ರೋ 'ಶಿಫ್ಟ್ಸ್' ಇಟ್ಸ್ 'ಫೀಟ್': ಮೂರು. ಆನ್ ದ 'ಫೆನ್ಸ್' 'ಪೋಸ್ಟ್': ಎರಡು, 'ಪೋಸ್ಟ್' ಮೇಲಿನದು ಸ್ವಲ್ಪ ಹಗುರ. ಗಟ್ಟಿಯಾಗಿ ಓದುತ್ತಾ ಮೇಜಿನ ಮೇಲೆ ಬೆರಳು ತಟ್ಟಿದರೆ ಕಿವಿಗೇ ಗೊತ್ತಾಗುತ್ತದೆ. ಮೊದಲ ಕರಡಿನ ನಡುಸಾಲಿನಲ್ಲಿ 'ವೆರಿ ಕೋಲ್ಡ್ ಫೆನ್ಸ್ ಪೋಸ್ಟ್' ಎಂದು ನಾಲ್ಕು ಒತ್ತು ಒಂದರ ಹಿಂದೊಂದು ಬಿದ್ದು ನಡೆ ಕುಂಟುತ್ತಿತ್ತು.

ಹೊಸಪುಟ

ಎಲ್ಲರಿಗೂ ಧನ್ಯವಾದ. ಎರಡನೆಯದನ್ನು ಇದೇ ದಾರಿಯಲ್ಲಿ ತಿದ್ದಿದ್ದೇನೆ, 'ಹಾರ್ಟ್' ತೆಗೆದೆ:

ರೇನಿ ಡೇ
ಆ್ಯನ್ ಎಂಪ್ಟಿ ಚೇರ್
ಬೈ ದ ವಿಂಡೋ

ಕಡಿತ ಇದೆ ಅಲ್ಲವೇ?

ಕರಡುತಿದ್ದು

ಕಡಿತ ಇದೆ, ಒಳ್ಳೆಯ ಜಾಗದಲ್ಲೇ ಇದೆ. 'ಅಳುವ ಹೃದಯ' ಹೋದದ್ದು ದೊಡ್ಡ ಲಾಭ. ಅಲ್ಲಿ 'ಲೋನ್ಲಿ' ಎಂದು ಭಾವನೆಗೆ ಹೆಸರು ಹೇಳಿದಿರಿ, 'ವೀಪ್ಸ್' ಎಂದು ಮತ್ತೆ ಅದನ್ನೇ ಹೇಳಿದಿರಿ, 'ಲೈಕ್' ಹಾಕಿ ಮಳೆಯನ್ನು ಅದರ ಸೇವೆಗೆ ಹಚ್ಚಿದಿರಿ. ಮಳೆ ಮಳೆಯಾಗಿ ಸುರಿಯುವುದಕ್ಕೇ ಜಾಗ ಇರಲಿಲ್ಲ. ಹೈಕುವಿನಲ್ಲಿ ಉಪಮೆಯನ್ನು ಬಾಯಿಬಿಟ್ಟು ಹೇಳದೆ ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿ ಇಡುತ್ತಾರೆ, ಹೋಲಿಸುವುದು ಓದುವವರಿಗೆ ಬಿಟ್ಟದ್ದು.

ಉಳಿದ ತೊಂದರೆ 'ಎಂಪ್ಟಿ ಚೇರ್'. ಖಾಲಿ ಕುರ್ಚಿ ಸಾವಿರಾರು ಪದ್ಯಗಳಲ್ಲಿ ಬಂದು ಸವೆದಿದೆ. 'ಎಂಪ್ಟಿ' ಎಂದರೆ ಸಾಕು, 'ಯಾರೋ ಇಲ್ಲ' ಎಂದು ಓದುವವರು ಮುಂಚೆಯೇ ತೀರ್ಮಾನಿಸಿಬಿಡುತ್ತಾರೆ. ಕುರ್ಚಿಗೆ ಏನಾಗಿದೆ ಎಂದು ನೋಡಿ. ಯಾರೋ ಅದನ್ನು ಎಳೆದಿರಬೇಕಲ್ಲ?

ಆಲ್-ಡೇ ರೇನ್
ಒನ್ ಚೇರ್ ಪುಲ್ಡ್
ಟು ದ ವಿಂಡೋ

'ರೇನಿ ಡೇ' ಹವಾಮಾನದ ಸುದ್ದಿ, 'ಆಲ್-ಡೇ ರೇನ್' ಅಂದಾಗ ಅದರೊಳಗೆ ಕಾದ ಹೊತ್ತು ಸೇರಿಕೊಳ್ಳುತ್ತದೆ. 'ಒನ್' ಎಂಬಲ್ಲಿ ಒಂಟಿತನ ಇದೆ, ಯಾರೂ ಹೆಸರು ಹೇಳಬೇಕಾಗಿಲ್ಲ. 3, 3, 4, ಒಟ್ಟು ಹತ್ತೇ.

ಸಾಲು ಒಡೆಯುವ ಜಾಗವೂ ಯೋಚಿಸುವಂಥದ್ದು. 'ಒನ್ ಚೇರ್ / ಪುಲ್ಡ್ ಟು ದ ವಿಂಡೋ' ಎಂದು ಒಡೆದರೆ ಕಣ್ಣು ಕುರ್ಚಿಯ ಮೇಲೆ ಒಂದು ಗಳಿಗೆ ನಿಲ್ಲುತ್ತದೆ, ಅದು ಲಾಭ. ನಷ್ಟವೂ ಇದೆ: ಮೊದಲ ಸಾಲು ಒಂದು ತುಣುಕು, ಎರಡನೆಯದೂ ತುಣುಕಿನ ಹಾಗೆ ಕಾಣುತ್ತದೆ, ಮೂರನೇ ಸಾಲು ಬರುವ ತನಕ ಪದ್ಯ ಸಾಮಾನಿನ ಪಟ್ಟಿಯ ಥರ ಓದಿಸಿಕೊಳ್ಳುತ್ತದೆ. ಹಾಗಾಗಿ 'ಪುಲ್ಡ್' ಮೇಲೆ ಒಡೆಯುವುದೇ ನನಗೆ ಸರಿ ಅನ್ನಿಸುತ್ತದೆ. ಎಲ್ಲಿಗೆ ಎಳೆದದ್ದು ಎಂಬ ಪ್ರಶ್ನೆ ಸಾಲಿನ ತುದಿಯಲ್ಲಿ ಉಳಿಯುತ್ತದೆ, ಕಿಟಕಿ ಅದಕ್ಕೆ ಉತ್ತರ.

ತಿಳಿಗೊಳ

ಋತುವಿನ ಪ್ರಶ್ನೆಗೆ ಬರೋಣ. 'ಕಿಗೊ' ಅಂದರೆ ಋತುಪದ, 'ಸೈಜಿಕಿ' ಅಂದರೆ ಅವುಗಳ ಕೋಶ. ಹೈಕು ಮೊದಲು ಬಿಡಿ ಪದ್ಯವಾಗಿರಲಿಲ್ಲ. ಹಲವರು ಸೇರಿ ಕಟ್ಟುವ ಸರಣಿ ಪದ್ಯದ ಮೊದಲ ಪದ್ಯವಾಗಿ 'ಹೊಕ್ಕು' ಎನ್ನಿಸಿಕೊಂಡಿತ್ತು. ಎಲ್ಲರೂ ಕೂತ ದಿನದ ಋತುವನ್ನು ಹೇಳುವುದು ಅದರ ಕರ್ತವ್ಯ. ಅದನ್ನು ಸರಣಿಯಿಂದ ಬಿಡಿಸಿ ಸ್ವತಂತ್ರ ಕವಿತೆಯಾಗಿ ನಿಲ್ಲಿಸಿ, ಹೈಕು ಎಂಬ ಹೆಸರನ್ನು ಗಟ್ಟಿಮಾಡಿದವರು 1867ರಿಂದ 1902ರವರೆಗೆ ಬದುಕಿದ ಮಸಓಕ ಶಿಕಿ. ಸರಣಿ ಹೋದರೂ ಋತುಪದ ಉಳಿಯಿತು, ಯಾಕಂದರೆ ಅದು ಬಹಳ ಕಡಿಮೆ ಜಾಗದಲ್ಲಿ ಬಹಳ ಹೇಳುತ್ತದೆ.

ಆದರೆ ಜಪಾನಿ ಕೋಶವನ್ನು ಇಂಗ್ಲಿಷಿಗೆ ಎತ್ತಿ ಹಾಕಿದರೆ ಕೆಲಸ ಕೆಡುತ್ತದೆ. ಅಲ್ಲಿ ಬರೀ 'ಚಂದ್ರ' ಅಂದರೆ ಶರತ್ಕಾಲ, ಬರೀ 'ಹೂ' ಅಂದರೆ ಚೆರಿ ಹೂ, 'ಕಪ್ಪೆ' ಅಂದರೆ ವಸಂತ. ಇಂಗ್ಲಿಷ್ ಓದುಗರಿಗೆ 'ಮೂನ್' ವರ್ಷವಿಡೀ ಮೂನೇ. ಅದಕ್ಕೇ 'ಹಾರ್ವೆಸ್ಟ್ ಮೂನ್', 'ಆಟಮ್ ಮೂನ್' ಎಂದು ಬಿಡಿಸಿ ಹೇಳಬೇಕಾಗುತ್ತದೆ. ಗುಬ್ಬಿಯ ಪದ್ಯದ 'ಮಿಸ್ಟ್' ಕೂಡ ಹಾಗೆಯೇ. ಜಪಾನಿಯಲ್ಲಿ 'ಕಸುಮಿ' ವಸಂತದ ಮಬ್ಬು, 'ಕಿರಿ' ಶರತ್ಕಾಲದ ಮಂಜು, ಎರಡಕ್ಕೂ ಪದ ಬೇರೆ. ಇಂಗ್ಲಿಷಿನ 'ಮಿಸ್ಟ್' ಎರಡನ್ನೂ ನುಂಗಿಕೊಂಡಿದೆ. 'ಮಾರ್ನಿಂಗ್ ಮಿಸ್ಟ್' ಬದಲು 'ಆಟಮ್ ಮಿಸ್ಟ್' ಎಂದರೆ ಸಿಲಬಲ್ ಅಷ್ಟೇ, ಋತು ಮಾತ್ರ ಹೆಚ್ಚಿಗೆ ಸಿಕ್ಕಿತು. ಬೆಳಗು ಎಂಬುದನ್ನು ಮಂಜು ತಾನೇ ಸೂಚಿಸುತ್ತದೆ. ತಿಂಗಳ ಹೆಸರು ಹಾಕುವವರು ಒಂದು ನೆನಪಿಡಿ: 'ಡಿಸೆಂಬರ್' ಆಸ್ಟ್ರೇಲಿಯಾದವರಿಗೆ ಬೇಸಿಗೆ.

ಋತುಪದ ಸರಿಯಾಗಿ ಕೂತಿದೆಯೇ ಎಂದು ನೋಡಲು ಜಪಾನಿ ಹೈಕು ಕೂಟಗಳಲ್ಲಿ ಒಂದು ಮಾತಿದೆ: 'ಕಿಗೊ ಅಲುಗುತ್ತದೆ'. 'ಆಟಮ್ ಮಿಸ್ಟ್' ಇದ್ದ ಕಡೆ 'ಸ್ಪ್ರಿಂಗ್ ಡಾನ್' ಹಾಕಿ. ಪದ್ಯಕ್ಕೆ ಏನೂ ಆಗದಿದ್ದರೆ ಋತುಪದ ಬೇರು ಬಿಟ್ಟಿಲ್ಲ, ಅಲುಗುತ್ತಿದೆ ಎಂದರ್ಥ. ಗುಬ್ಬಿಯಲ್ಲಿ ಹಾಕಿ ನೋಡಿದರೆ ಕಾಲು ಬದಲಿಸುವುದಕ್ಕೆ ಕಾರಣವೇ ಸಡಿಲವಾಗುತ್ತದೆ. ಅಂದರೆ ಮಂಜು ಬೇಕೇ ಬೇಕು. ಹೈಕುಗೆ ಹೊಸಬರು ಬರೆದ ಪದ್ಯಗಳಲ್ಲಿ ಅರ್ಧಕ್ಕರ್ಧ ಈ ಒಂದೇ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಒಂದೇ ಪದ್ಯದಲ್ಲಿ ಎರಡು ಋತುಪದ ಬಂದರೆ ಅದನ್ನೂ ಸಾಮಾನ್ಯವಾಗಿ ದೋಷವೆಂದೇ ಎಣಿಸುತ್ತಾರೆ, ಎರಡೂ ಒಂದರ ಕಾಲು ಇನ್ನೊಂದು ತುಳಿಯುತ್ತವೆ.

ಋತು ಕಡ್ಡಾಯವೇ ಎಂದರೆ, ಇಂಗ್ಲಿಷಿನಲ್ಲಿ ಅಲ್ಲ. 1968ರಲ್ಲಿ ಶುರುವಾದ ಹೈಕು ಸೊಸೈಟಿ ಆಫ್ ಅಮೆರಿಕ 2004ರಲ್ಲಿ ಒಪ್ಪಿದ ವ್ಯಾಖ್ಯೆ ನಿಸರ್ಗದ ಅಥವಾ ಋತುವಿನ ಅನುಭವ ಮನುಷ್ಯನ ಸ್ಥಿತಿಯೊಡನೆ ಬೆಸೆದುಕೊಳ್ಳುವುದರ ಬಗ್ಗೆ ಹೇಳುತ್ತದೆ. ಆ ವಾಕ್ಯದಲ್ಲಿ 17 ಎಂಬ ಸಂಖ್ಯೆ ಇಲ್ಲ.

ಮನುಷ್ಯರ ನಡತೆಯನ್ನೋ ನಗುವನ್ನೋ ಹಿಡಿದು, ಋತುವಿನ ಗೊಡವೆ ಇಲ್ಲದೆ ಬರೆದ ಮೂರು ಸಾಲಿಗೆ 'ಸೆನ್ರ್ಯು' ಎಂಬ ಹೆಸರಿದೆ. ಇಂಗ್ಲಿಷಿನಲ್ಲಿ ಎರಡರ ನಡುವಿನ ಗಡಿ ಮಸುಕು, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಇಬ್ಬನಿ

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಎಡವುವ ಜಾಗ ಒಂದಿದೆ, 'ಎ' ಮತ್ತು 'ದ'. ನಮ್ಮಲ್ಲಿ ಇವಿಲ್ಲ, ಜಪಾನಿಯಲ್ಲೂ ಇಲ್ಲ. ಆದ್ದರಿಂದ ಹೈಕು ಅಂದಕೂಡಲೇ ಇವನ್ನೆಲ್ಲ ಕಿತ್ತುಹಾಕುವ ಆಸೆ ಬರುತ್ತದೆ. 'ಸ್ಪ್ಯಾರೋ ಶಿಫ್ಟ್ಸ್ ಫೀಟ್ ಆನ್ ಫೆನ್ಸ್ ಪೋಸ್ಟ್' ಎಂದು ಬರೆದರೆ ಇಂಗ್ಲಿಷ್ ಕಿವಿಗೆ ಅದು ಟೆಲಿಗ್ರಾಂ. ನಿಯಮ ಸರಳ: ತುಣುಕಿನಲ್ಲಿ ಬಿಡಬಹುದು, ಪೂರ್ತಿ ಮಾತಿನ ಭಾಗದಲ್ಲಿ ಸಹಜ ಇಂಗ್ಲಿಷ್ ಬೇಡುವಷ್ಟು ಇರಲೇಬೇಕು. ಕಡಿತ ಕಿವಿಗೆ ಬೀಳುವುದು ಈ ವ್ಯತ್ಯಾಸದಿಂದಲೂ ಹೌದು.

ಎರಡರಲ್ಲಿ ಯಾವುದು ಎಂಬುದೂ ಅರ್ಥವನ್ನೇ ಬದಲಿಸುತ್ತದೆ. 'ಎ ಸ್ಪ್ಯಾರೋ' ಈಗ ತಾನೇ ಕಣ್ಣಿಗೆ ಬಿದ್ದ ಯಾವುದೋ ಗುಬ್ಬಿ. 'ದ ಸ್ಪ್ಯಾರೋ' ಆಗಲೇ ಪರಿಚಯವಿರುವ, ಇಷ್ಟು ಹೊತ್ತೂ ನೋಡುತ್ತಿದ್ದ ಗುಬ್ಬಿ. 'ದ ಫೆನ್ಸ್ ಪೋಸ್ಟ್' ಎಂದರೆ ಓದುವವರೂ ಅದೇ ಬೇಲಿಯ ಎದುರು ನಿಂತಿದ್ದಾರೆ. ಏಕವಚನ, ಬಹುವಚನವೂ ಹೀಗೆಯೇ: ಜಪಾನಿಯ ಕಪ್ಪೆ ಒಂದೋ ಹಲವೋ ಎಂದು ಪದ್ಯ ಹೇಳುವುದಿಲ್ಲ, ಇಂಗ್ಲಿಷ್ ಅನುವಾದಕರು ಆರಿಸಲೇಬೇಕಾಯಿತು.

ಕ್ರಿಯಾಪದ ವರ್ತಮಾನದಲ್ಲಿರಲಿ. ಆದರೆ 'ಫಾಲಿಂಗ್', 'ಡ್ರಿಫ್ಟಿಂಗ್', 'ವೇಟಿಂಗ್' ಎಂದು 'ಇಂಗ್' ಬಾಲದ ಪದಗಳು ಸಾಲುಸಾಲಾಗಿ ಬಂದರೆ ಎಲ್ಲವೂ ಒಂದೇ ಮೆತ್ತನೆಯ ಗತಿಗೆ ಇಳಿಯುತ್ತದೆ. ಪದ್ಯಕ್ಕೆ ಒಂದು ಸಾಕು. 'ಶಿಫ್ಟ್ಸ್' ಎಂಬಲ್ಲಿ ಕಾಲು ಒಮ್ಮೆ ಬದಲಾಗಿ ಮುಗಿಯಿತು, 'ಶಿಫ್ಟಿಂಗ್' ಅಂದಿದ್ದರೆ ಗುಬ್ಬಿ ಕುಣಿಯುತ್ತಲೇ ಇರುತ್ತಿತ್ತು.

ಚಿಹ್ನೆಗಳ ಬಗ್ಗೆ: ಡ್ಯಾಶ್ ಗಟ್ಟಿ ಕಡಿತ, ಮೂರು ಚುಕ್ಕಿ ಮೆಲ್ಲನೆ ಕರಗುವ ಕಡಿತ, ಕೋಲನ್ ಹಾಕಿದರೆ 'ಇದು ಅದೇ' ಎಂದು ಬೆರಳು ತೋರಿಸಿದ ಹಾಗೆ. ಸಾಲು ಒಡೆದದ್ದರಿಂದಲೇ ಕಡಿತ ತಿಳಿಯುವುದಾದರೆ ಯಾವುದೂ ಬೇಡ. ಕೊನೆಯಲ್ಲಿ ಪೂರ್ಣವಿರಾಮ ಹಾಕಿದರೆ ಪದ್ಯ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಅದನ್ನು ಬಿಡುವುದೇ ರೂಢಿ. ಸಾಲಿನ ಮೊದಲಿಗೆ ದೊಡ್ಡಕ್ಷರ ಇಲ್ಲ, ತಲೆಬರಹ ಇಲ್ಲ, ಅಂತ್ಯಪ್ರಾಸ ಇಲ್ಲ. ಹೆರಾಲ್ಡ್ ಹೆಂಡರ್‌ಸನ್ 1958ರ ತಮ್ಮ ಅನುವಾದಗಳಲ್ಲಿ ಪ್ರಾಸ ಇಟ್ಟಿದ್ದರು. ಆ ಹಾದಿ ಮುಂದುವರಿಯಲಿಲ್ಲ. ಇಷ್ಟು ಚಿಕ್ಕ ಪದ್ಯದಲ್ಲಿ ಪ್ರಾಸ ಬಂದರೆ ಕಿವಿ ಅದನ್ನಷ್ಟೇ ಹಿಡಿಯುತ್ತದೆ.

ಹೊಸಪುಟ

'ಎ', 'ದ' ವಿಷಯ ಹೀಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಒಂದು ಸಂದೇಹ: ಮೂರು ಸಾಲೇ ಇರಬೇಕೇ? ಒಂದೇ ಸಾಲಿನ ಇಂಗ್ಲಿಷ್ ಹೈಕುಗಳೂ ಕಾಣುತ್ತವೆ.

ಕರಡುತಿದ್ದು

ಜಪಾನಿಯಲ್ಲಿ ಹೈಕುವನ್ನು ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಒಂದೇ ಸಾಲಾಗಿ ಅಚ್ಚು ಹಾಕುತ್ತಾರೆ. ಮೂರು ಸಾಲು ಅನುವಾದಕರ ಏರ್ಪಾಟು. ನೊಬುಯುಕಿ ಯುಆಸ 1966ರಲ್ಲಿ ಬಾಶೋನನ್ನು ನಾಲ್ಕು ಸಾಲಿನಲ್ಲಿ ತಂದರು, ಹಿರೊಅಕಿ ಸಾಟೊ ಒಂದೇ ಸಾಲಿನಲ್ಲಿ ತಂದರು. ಹಾಗಾಗಿ ಒಂದು ಸಾಲು ಬರೆಯುವುದು ನಿಯಮ ಮುರಿದ ಹಾಗಲ್ಲ.

ಆದರೆ ಮೂರು ಸಾಲಿನದನ್ನು ಉದ್ದಕ್ಕೆ ಹಾಕಿದ ಮಾತ್ರಕ್ಕೆ ಒಂದು ಸಾಲಿನ ಹೈಕು ಆಗುವುದಿಲ್ಲ. ಅಲ್ಲಿ ಕಡಿತದ ಜಾಗ ಓದುವವರ ಕೈಯಲ್ಲಿರುತ್ತದೆ. 'ರಿವರ್ ಫಾಗ್ ದ ಫೆರಿ ಬೆಲ್ ಅರೈವಿಂಗ್ ಫಸ್ಟ್' ಎಂಬುದನ್ನು ನೋಡಿ. 'ಫೆರಿ' ಎಂಬಲ್ಲಿ ಮಂಜಿನೊಳಗೆ ದೋಣಿ ಬಂದೇಬಿಟ್ಟಿತು ಅಂದುಕೊಳ್ಳುತ್ತೇವೆ, ಮರುಕ್ಷಣ 'ಬೆಲ್' ಬಂದು ದೋಣಿ ಮರೆಯಾಗಿ ಸದ್ದು ಮಾತ್ರ ಉಳಿಯುತ್ತದೆ. ಸಾಲು ಒಡೆದಿದ್ದರೆ ಈ ಜಾರು ಸಿಗುತ್ತಿರಲಿಲ್ಲ. ಜಾರು ಇಲ್ಲದ ಪದ್ಯಕ್ಕೆ ಒಂದು ಸಾಲು ಬೇಡ.

ಮೂರು ಸಾಲಿನಲ್ಲೇ ಇದಕ್ಕೆ ಹತ್ತಿರದ ಉಪಾಯ ತಿರುಗಣಿ ಸಾಲು:

ಫಸ್ಟ್ ಫ್ರಾಸ್ಟ್
ಆನ್ ದ ಕ್ಲೋತ್ಸ್‌ಲೈನ್
ಎ ಸ್ಪೈಡರ್ಸ್ ಥ್ರೆಡ್

ಬಟ್ಟೆ ಒಣಹಾಕುವ ಹಗ್ಗದ ಮೇಲೆ ಹಿಮ ಎಂದೂ ಓದಬಹುದು, ಹಗ್ಗದ ಮೇಲೆ ಜೇಡನ ಎಳೆ ಎಂದೂ ಓದಬಹುದು. ನಡುಸಾಲು ಎರಡೂ ಕಡೆಗೆ ತಿರುಗುತ್ತದೆ. ಇಲ್ಲಿ ಒಂದೇ ಒಂದು ಡ್ಯಾಶ್ ಹಾಕಿದರೂ ತಿರುಗಣಿ ಅಲ್ಲೇ ಜಾಮ್. ಎರಡು ಓದೂ ವ್ಯಾಕರಣಕ್ಕೆ ಸರಿಹೊಂದಬೇಕು. ಒಂದು ಓದು ಎಳೆದಾಡಿ ಸಿಗುವಂತಿದ್ದರೆ ಬಿಟ್ಟುಬಿಡಿ.

ಮೂರುಸಾಲು

ಕಡಿತ ಹಾಕಿದ ಮೇಲೂ ಪದ್ಯ ಬೀಳುವುದುಂಟು, ಅದನ್ನು ಯಾರೂ ಹೇಳಲಿಲ್ಲ. 'ಹೆವಿ ರೇನ್ / ದ ರಿವರ್ ಹ್ಯಾಸ್ ಕ್ಲೈಂಬ್ಡ್ / ಓವರ್ ದ ಸ್ಟೆಪ್': ಮಳೆ ಕಾರಣ, ಮೆಟ್ಟಿಲು ಮುಳುಗಿದ್ದು ಪರಿಣಾಮ. ನಡುವಿನ ಜಾಗಕ್ಕೆ ಒಂದು 'ಆದ್ದರಿಂದ' ಹಾಕಿ ನೋಡಿ, ಹಾಯಾಗಿ ಕೂರುತ್ತದೆ. ಹಾಗೆ ಕೂತರೆ ಎರಡು ಭಾಗ ಅತಿ ಹತ್ತಿರವಾದವು ಅಂತ. ಜಪಾನಿಯಲ್ಲಿ ಇದಕ್ಕೆ 'ತ್ಸುಕಿಸುಗಿ' ಅನ್ನುತ್ತಾರೆ, ತೀರಾ ಅಂಟಿಕೊಂಡದ್ದು. ಮಳೆಯನ್ನು ಬಿಟ್ಟು ದಡದಲ್ಲಿ ಕಂಡ ಬೇರೊಂದನ್ನು ಮೊದಲ ಸಾಲಿಗೆ ತಂದರೆ ನೆರೆಯ ಮಾತು ಹೇಳದೆಯೇ ಬರುತ್ತದೆ. ತೀರಾ ದೂರವಾದರೆ ಒಗಟಾಗುತ್ತದೆ, ಆದರೆ ಹೊಸಬರಲ್ಲಿ ಆ ತಪ್ಪು ಕಡಿಮೆ.

ಹಾಗೆಂದು ಎರಡು ವಸ್ತು ಬೇಕೇ ಬೇಕು ಎಂದೂ ಅಲ್ಲ. ಒಂದೇ ವಸ್ತುವನ್ನು ಹಿಡಿದು ಬರೆಯುವ 'ಇಚಿಬುತ್ಸು ಜಿತತೆ' ಎಂಬ ಬಗೆಯೂ ಇದೆ. ಅದು ಕಷ್ಟ, ವರದಿಯಾಗಿ ಜಾರುವುದು ಬಹಳ ಬೇಗ. ಮೊದಲು ಎರಡನ್ನು ಜೋಡಿಸುವುದು ಕೈಗೆ ಹತ್ತಲಿ.

ಹೊಸಪುಟ

ಇಷ್ಟನ್ನೂ ಇಟ್ಟುಕೊಂಡು ಹೊಸದೊಂದು:

ವಿಂಟರ್ ಡಸ್ಕ್
ಎಂಪ್ಟಿ ಸ್ವಿಂಗ್
ಎ ಕ್ರೋ

ಕರಡುತಿದ್ದು

ಮುಸ್ಸಂಜೆ, ಉಯ್ಯಾಲೆ, ಕಾಗೆ. ಮೂರು ತುಣುಕು, ಎರಡು ಕಡಿತ. ಮೇಲೆ ಹೇಳಿದ ಸಾಮಾನಿನ ಪಟ್ಟಿ ಅಂದರೆ ಇದೇ. ಎರಡನ್ನು ಕ್ರಿಯಾಪದದಿಂದ ಬೆಸೆಯಿರಿ. 'ಎಂಪ್ಟಿ' ಮತ್ತೆ ಬಂದಿದೆ ನೋಡಿ. ಕಾಗೆ ಕೂತಿದ್ದರೆ ಮಕ್ಕಳಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ವಿಂಟರ್ ಡಸ್ಕ್
ದ ಕ್ರೋ ಲೆಟ್ಸ್ ಗೋ
ಆಫ್ ದ ಸ್ವಿಂಗ್

ಕಾಗೆ ಉಯ್ಯಾಲೆಯನ್ನು ಬಿಟ್ಟು ಹಾರಿತು. ಉಯ್ಯಾಲೆ ತೂಗುತ್ತಿದೆ ಎಂದು ಎಲ್ಲೂ ಬರೆದಿಲ್ಲ, ಆದರೆ ಪದ್ಯ ಮುಗಿದ ಮೇಲೆ ತೂಗುವುದು ಅದೇ. 'ದ ಕ್ರೋ' ಯಾಕೆಂದರೆ, ಅದು ಹಾರುವ ತನಕ ಯಾರೋ ನೋಡುತ್ತಿದ್ದರು.

ಇಬ್ಬನಿ

ಚೆನ್ನಾಗಿದೆ, ಆದರೆ 'ಕ್ರೋ', 'ಗೋ' ಎರಡೂ ಒಂದೇ ಸಾಲಿನಲ್ಲಿ ಪ್ರಾಸ ಹೊಡೆಯುತ್ತಿವೆ, ಗಟ್ಟಿಯಾಗಿ ಓದಿದಾಗ ಅದೇ ಕುಟ್ಟುತ್ತದೆ. 'ದ ಕ್ರೋ ಲಿಫ್ಟ್ಸ್ ಆಫ್ / ದ ಸ್ವಿಂಗ್' ಮಾಡಿದರೆ?

ಕರಡುತಿದ್ದು

ಹೌದು, ಅದೇ ಸರಿ. 'ಲಿಫ್ಟ್ಸ್ ಆಫ್' ಎಂಬಲ್ಲಿ ಸಾಲು ಮುಗಿಯುವಾಗ ಕಾಗೆ ಗಾಳಿಯಲ್ಲಿರುತ್ತದೆ, ಕೊನೆಯ ಸಾಲಿಗೆ ಬರೀ ಉಯ್ಯಾಲೆ. 3, 4, 2.